"ಈಗ ಕೇಳುವ ಟೈಮ್ ದಾಟಿ ಹೋಯ್ತು ಮೇಡಂ"

ಪಿಯುಸಿಯಲ್ಲಿ ಸೈನ್ಸ್ ಓದಿ ಬಿ.ಕಾಂ.ಗೆ ಬಂದ ಮಕ್ಕಳು ಪ್ರತಿ ವರ್ಷ ಆಪ್ತಸಲಹೆಗೆ ನನ್ನ ಹತ್ತಿರ ಬರುತ್ತಾರೆ. ಮಂಗಳೂರು, ಉಡುಪಿ ಕಡೆ ಇದು ಮಾಮೂಲಿ. ಎರಡು ವರ್ಷ ನೀಟ್, ಸಿಇಟಿ ಅಂತ ಓಡಿ, ಬೇಕಾದ ರ‍್ಯಾಂಕ್ ಬರಲಿಲ್ಲ ಅಂದ ಮೇಲೆ ಮನೆಯಲ್ಲಿ ಕೆಲವು ದಿನ ಯಾರೂ ಸರಿಯಾಗಿ ಮಾತಾಡುವುದಿಲ್ಲ, ಆಮೇಲೆ ಬಿ.ಕಾಂ. ಸೇರಿಸಿ ಅದರ ಒಟ್ಟಿಗೆ ಸಿಎ ಕೋಚಿಂಗಿಗೂ ಹಾಕುತ್ತಾರೆ. ಅಕೌಂಟೆನ್ಸಿಯ ಗಂಧಗಾಳಿಯೂ ಇಲ್ಲದ ಮಗುವಿಗೆ ಒಂದೇ ಸಲ ಎರಡು ಹೊರೆ.

ಅಂಥ ಒಬ್ಬ ಹುಡುಗನ ವಿಷಯವನ್ನು ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.

ಕಾಪು ಕಡೆಯಿಂದ ದಿನಾ ಬಸ್ಸಿನಲ್ಲಿ ಮಂಗಳೂರಿಗೆ ಬರುತ್ತಿದ್ದ. ಬಿ.ಕಾಂ. ನಾಲ್ಕನೇ ಸೆಮಿಸ್ಟರ್. ಹಗಲು ಕಾಲೇಜು, ಸಂಜೆ ಕೋಚಿಂಗ್, ಮನೆ ಮುಟ್ಟುವಾಗ ಊಟದ ಹೊತ್ತು ಮೀರಿರುತ್ತಿತ್ತು. ಸಿಎಯ ಮೊದಲ ಹಂತದ ಪರೀಕ್ಷೆ ಫೌಂಡೇಶನ್ ಎರಡು ಸಲ ಬರೆದು ಎರಡೂ ಸಲ ಫೇಲು. ಕಾಲೇಜಿನಲ್ಲೂ ಅಕೌಂಟಿಂಗಿನ ಒಂದು ಪೇಪರ್ ಬಾಕಿ. ರಾತ್ರಿ ನಿದ್ದೆ ಇಲ್ಲ, ಪರೀಕ್ಷೆ ಹತ್ತಿರ ಬಂದರೆ ಎದೆ ಹಿಡಿದ ಹಾಗೆ ಆಗುತ್ತಿತ್ತು. ಡಾಕ್ಟರು ಇಸಿಜಿ ಮಾಡಿಸಿ ಹೃದಯಕ್ಕೆ ಏನೂ ತೊಂದರೆ ಇಲ್ಲ ಅಂದಿದ್ದರು. ಅಪ್ಪ ಪಿಗ್ಮಿ ಕಲೆಕ್ಟರ್, ಅಂದರೆ ಜನರ ಹತ್ತಿರ ಹೋಗಿ ಅವರ ಸಣ್ಣ ಉಳಿತಾಯದ ಹಣ ತಂದು ಬ್ಯಾಂಕಿಗೆ ಕಟ್ಟುವವರು. ಅಮ್ಮ ಬೀಡಿ ಕಟ್ಟುತ್ತಾರೆ. ಕೋಚಿಂಗಿನ ಫೀಸು ಆ ಮನೆಗೆ ಸಣ್ಣ ಮೊತ್ತ ಅಲ್ಲ. "ಇವನಿಗೆ ತಲೆ ಉಂಟು ಮೇಡಂ, ಉದಾಸೀನ ಮಾಡ್ತಾನೆ ಅಷ್ಟೆ" ಅಂತ ಅಪ್ಪ ಮೊದಲ ದಿನವೇ ಹೇಳಿದರು. ಹುಡುಗ ತಲೆ ಎತ್ತಲಿಲ್ಲ.

ಶುರುವಿನಲ್ಲಿ ನಿದ್ದೆ, ಊಟ, ಫೋನು, ಉಸಿರಾಟ ಇವುಗಳ ಬಗ್ಗೆಯೇ ಮಾತಾಡಿದೆವು. ಸಾಯುವ ಯೋಚನೆ ಬರ್ತದಾ ಅಂತಲೂ ನೇರವಾಗಿ ಕೇಳಿದೆ. ಇಲ್ಲ ಅಂದ. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ನನ್ನ ಎದುರೇ ಅವನ ಫೋನಿನಲ್ಲಿ ಸೇವ್ ಮಾಡಿಸಿದೆ. ಈ ಪ್ರಶ್ನೆ ಕೇಳಿದರೆ ಮಕ್ಕಳ ತಲೆಗೆ ಇಲ್ಲದ ಯೋಚನೆ ತುಂಬಿದ ಹಾಗಾಗುತ್ತದೆ ಅಂತ ಹಲವರು ಹೆದರುತ್ತಾರೆ, ಅದು ಹಾಗಲ್ಲ.

ಒಂದು ದಿನ ಅವನ ಅಕೌಂಟ್ಸ್ ನೋಟ್ಸ್ ತರಲು ಹೇಳಿದೆ. ನಾನೂ ಬಿ.ಕಾಂ. ಓದಿಯೇ ಈ ಕಡೆ ಬಂದವಳು. ಪುಟಗಳು ಚಂದ ಇದ್ದವು, ಸ್ಕೇಲ್ ಇಟ್ಟು ಗೆರೆ, ಟೋಟಲಿನ ಕೆಳಗೆ ಎರಡು ಗೆರೆ, ಎಲ್ಲ ಸರಿ. ವ್ಯವಹಾರವನ್ನು ಡೆಬಿಟ್, ಕ್ರೆಡಿಟ್ ಅಂತ ಮೊದಲು ಬರೆಯುವ ಜರ್ನಲಿನ ಒಂದು ಎಂಟ್ರಿಯ ಹತ್ತಿರ ಮಾತ್ರ ಅಳಿಸಿ ಅಳಿಸಿ ಕಾಗದ ತೂತಾಗಿತ್ತು. ಬ್ಯಾಂಕಿಗೆ ಹಣ ಕಟ್ಟಿದ ಎಂಟ್ರಿ.

"ಇಲ್ಲಿ ಎಂಥ ಆದದ್ದು?"

ಸುಮಾರು ಹೊತ್ತು ಸುಮ್ಮನಿದ್ದ. ಮತ್ತೆ ಹೇಳಿದ, "ಪಾಸ್‌ಬುಕ್ಕಿನಲ್ಲಿ ಹಣ ಬಂದರೆ ಕ್ರೆಡಿಟ್ ಅಂತ ಇರ್ತದೆ. ಕ್ಲಾಸಿನಲ್ಲಿ ಹಣ ಬಂದರೆ ಡೆಬಿಟ್ ಅಂತಾರೆ. ಯಾವುದು ಸರಿ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಯಾವ ಸೈಡಿಗೆ ಯಾವುದು ಅಂತ ಬಾಯಿಪಾಠ ಮಾಡಿ ಬರೀತೇನೆ."

ಯಾರ ಹತ್ತಿರವಾದರೂ ಕೇಳಲಿಲ್ವಾ ಅಂದೆ.

"ಮೊದಲ ಸೆಮಿಸ್ಟರಿನಲ್ಲಿ ಕೇಳಬೇಕಿತ್ತು. ಕ್ಲಾಸಿನಲ್ಲಿ ಉಳಿದವರೆಲ್ಲ ಕಾಮರ್ಸ್ ಮಕ್ಕಳು, ಇದೂ ಗೊತ್ತಿಲ್ವಾ ಅಂತ ನಗಾಡ್ತಾರೆ ಅಂತ ಸುಮ್ಮನಾದೆ. ಈಗ ಕೇಳುವ ಟೈಮ್ ದಾಟಿ ಹೋಯ್ತು ಮೇಡಂ."

ಇಷ್ಟು ಹೇಳಿ ಅತ್ತುಬಿಟ್ಟ. ಇಪ್ಪತ್ತು ವರ್ಷವೂ ತುಂಬದ ಹುಡುಗ ಒಂದು ಪ್ರಶ್ನೆ ಕೇಳಲು ತಡವಾಯ್ತು ಅಂತ ಅಳುತ್ತಾನೆ. ನನಗೆ ತುಂಬಾ ಸಂಕಟ ಆಯಿತು.

ಅವನು ಸುಧಾರಿಸಿಕೊಂಡ ಮೇಲೆ ಅಪ್ಪನ ಕೆಲಸದಿಂದಲೇ ಶುರು ಮಾಡಿದೆ. "ಮಾರ್ಕೆಟಿನಲ್ಲಿ ಮೀನು ಮಾರುವ ಅಕ್ಕ ಅಪ್ಪನ ಕೈಗೆ ಪಿಗ್ಮಿಗೆ ನೂರು ರೂಪಾಯಿ ಕೊಟ್ಟರು ಅಂತ ಇಟ್ಟುಕೋ. ಅಪ್ಪ ಅದನ್ನು ಬ್ಯಾಂಕಿಗೆ ಕಟ್ಟಿದರು. ಈಗ ಹಣ ಯಾರದ್ದು?"

"ಆ ಅಕ್ಕನದ್ದೇ."

"ಹಾಗಾದರೆ ಬ್ಯಾಂಕಿಗೆ ಅದು ಆಸ್ತಿಯಾ, ಸಾಲವಾ?"

"ಸಾಲ. ಅವರು ಕೇಳಿದಾಗ ವಾಪಸ್ ಕೊಡಬೇಕಲ್ಲ."

"ಸಾಲ ಹೆಚ್ಚಾದರೆ ಯಾವ ಸೈಡು?"

"ಕ್ರೆಡಿಟ್." ಇದು ಬಾಯಿಪಾಠ ಇತ್ತು, ಥಟ್ಟಂತ ಬಂತು. ಮತ್ತೆ ನಿಂತ. "ಅಂದರೆ ಪಾಸ್‌ಬುಕ್ ಬ್ಯಾಂಕಿನ ಲೆಕ್ಕವಾ? ನಮ್ಮದಲ್ವಾ?"

ಅಲ್ಲ ಮಾರಾಯ. ಬ್ಯಾಂಕು ತನ್ನ ಲೆಡ್ಜರಿನಲ್ಲಿ ನಿನ್ನ ಹೆಸರಿನ ಖಾತೆಯನ್ನು ಹೇಗೆ ಬರೆಯಿತೋ ಅದರ ನಕಲು ಅದು. ಅಕ್ಕ ತಮ್ಮದೇ ಲೆಕ್ಕ ಬರೆದರೆ ಪಿಗ್ಮಿ ಅವರಿಗೆ ಆಸ್ತಿ, ಆಸ್ತಿ ಹೆಚ್ಚಾದರೆ ಡೆಬಿಟ್. ಕೈಯಿಂದ ಹೋದ ಕ್ಯಾಶ್ ಕ್ರೆಡಿಟ್. ಎರಡೂ ಸರಿ, ಪುಸ್ತಕ ಬೇರೆ ಬೇರೆ ಅಷ್ಟೆ. ಹೇಳಿ ಮುಗಿಸುವ ಮೊದಲೇ ಪೆನ್ಸಿಲ್ ಎತ್ತಿಕೊಂಡು ಎರಡೂ ಪುಸ್ತಕದ ಎಂಟ್ರಿ ಬರೆದು ತೋರಿಸಿದ. ಪಿಗ್ಮಿ ಶುರುವಾದದ್ದು ನಮ್ಮ ಉಡುಪಿಯ ಬ್ಯಾಂಕಿನಲ್ಲೇ, 1928ರಲ್ಲಿ. ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕು ಅದು, ಆಗ ದಿನಕ್ಕೆ ಎರಡಾಣೆಯನ್ನೂ ಮನೆ ಬಾಗಿಲಿಗೆ ಹೋಗಿ ತೆಗೆದುಕೊಳ್ಳುತ್ತಿದ್ದರಂತೆ. ಇಂಥ ಊರಿನ, ಅದರಲ್ಲೂ ಪಿಗ್ಮಿ ಕಲೆಕ್ಟರರ ಮಗನಿಗೆ ಡೆಬಿಟ್, ಕ್ರೆಡಿಟ್ ಅರ್ಥ ಆಗಲಿಲ್ಲ ಅಂದರೆ ಕೊರತೆ ಅವನ ತಲೆಯದ್ದಲ್ಲ. ಅವನಿಗೆ ಯಾರೂ ಮೊದಲಿಂದ ಹೇಳಿಕೊಟ್ಟಿರಲಿಲ್ಲ.

ನಾನು ಕೊಟ್ಟ ಸಲಹೆ ಇಷ್ಟು. ಫೌಂಡೇಶನ್ ಸದ್ಯ ನಿಲ್ಲಿಸು, ಕೋಚಿಂಗ್ ಬಿಡು. ಫಸ್ಟ್ ಪಿಯುಸಿ ಅಕೌಂಟೆನ್ಸಿ ಪುಸ್ತಕ ತಂದು ಮೊದಲ ಪಾಠದಿಂದ ಲೆಕ್ಕ ಮಾಡು, ನಾಚಿಕೆ ಬೇಡ. ಗೊತ್ತಾಗದ್ದನ್ನು ಚೀಟಿಯಲ್ಲಿ ಬರೆದುಕೊಂಡು ವಾರಕ್ಕೊಮ್ಮೆ ಒಬ್ಬ ಲೆಕ್ಚರರ್ ಹತ್ತಿರ ಹೋಗಿ ಕೇಳು. ಬಾಕಿ ಪೇಪರ್ ಮುಗಿಸು.

ಅಪ್ಪನಿಗೆ ಸಿಟ್ಟು ಬಂತು, ಕಟ್ಟಿದ ಫೀಸು ಹೋಯ್ತಲ್ಲ ಅಂತ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅವರಿಗೆ ಒಂದು ವಿಷಯ ಗೊತ್ತಿರಲಿಲ್ಲ, ತುಂಬಾ ತಂದೆತಾಯಿಗೆ ಗೊತ್ತಿಲ್ಲ. ಕಾಮರ್ಸ್ ಡಿಗ್ರಿಯಲ್ಲಿ ಶೇಕಡಾ 55 ಅಂಕ ಇದ್ದರೆ ಫೌಂಡೇಶನ್ ಬರೆಯದೆ ನೇರವಾಗಿ ಸಿಎಯ ಎರಡನೇ ಹಂತವಾದ ಇಂಟರ್‌ಮೀಡಿಯೆಟ್‌ಗೆ ಸೇರಬಹುದು. ಬೇರೆ ಡಿಗ್ರಿಯವರಿಗೆ ಶೇಕಡಾ 60. ಫೌಂಡೇಶನ್ನಿನಲ್ಲಿ ನಾಲ್ಕು ಪೇಪರ್, ಪ್ರತಿಯೊಂದರಲ್ಲೂ 40, ಒಟ್ಟಾರೆ ಶೇಕಡಾ 50 ಬೇಕು. ಅಕೌಂಟಿಂಗಿನ ಬುಡವೇ ಗಟ್ಟಿ ಇಲ್ಲದೆ ಅದನ್ನು ಮತ್ತೆ ಮತ್ತೆ ಬರೆದರೆ ಕಲಿಯುವುದು ಸೋಲನ್ನು ಮಾತ್ರ. ಡಿಗ್ರಿ ಚೆನ್ನಾಗಿ ಮುಗಿಸಿದರೆ ಅದೇ ಸಿಎಗೂ ದಾರಿ.

ಮಕ್ಕಳ ಗುರಿಯನ್ನು ಸಣ್ಣದು ಮಾಡುತ್ತೀರಿ ಅಂತ ಒಬ್ಬ ಉಪನ್ಯಾಸಕರು ನನಗೆ ಹೇಳಿದರು. ಕೋಚಿಂಗ್ ಬಿಡಿ ಅನ್ನುವುದು ಆಪ್ತಸಲಹೆ ಕೊಡುವವರ ಕೆಲಸವಾ ಅಂತಲೂ ಕೇಳಿದರು. ಹೌದು, ನನ್ನ ಕೆಲಸವೇ. ಬರೀ ಉಸಿರಾಟದ ಅಭ್ಯಾಸ ಕಲಿಸಿ ಅವನನ್ನು ಅದೇ ಬಸ್ಸಿಗೆ, ಅದೇ ಅರ್ಥವಾಗದ ಕ್ಲಾಸಿಗೆ ವಾಪಸ್ ಕಳಿಸಿದ್ದರೆ ನಾನು ಅವನ ಪರ ನಿಂತ ಹಾಗಾಗುತ್ತಿರಲಿಲ್ಲ. ಎಲ್ಲರಿಗೂ ಇದೇ ಸಲಹೆ ಕೊಡುವುದಿಲ್ಲ. ಪಿಯುಸಿಯಲ್ಲೇ ಅಕೌಂಟ್ಸ್ ಗಟ್ಟಿ ಮಾಡಿಕೊಂಡವರು ಎರಡನ್ನೂ ಒಟ್ಟಿಗೆ ಓದಿ ಪಾಸಾಗುವುದನ್ನೂ ನೋಡಿದ್ದೇನೆ. ಆದರೆ ಸೈನ್ಸಿನಿಂದ ಬಂದ ಮಗುವಿಗೆ ಮೊದಲ ಆರು ತಿಂಗಳು ಬರೀ ಬಿ.ಕಾಂ. ಸಾಕು, ಸಾಕೇ ಸಾಕು. ಉಪನ್ಯಾಸಕರಲ್ಲಿ ಒಂದು ಬೇಡಿಕೆ, ಮೊದಲ ವಾರವೇ ಕ್ಲಾಸಿನಲ್ಲಿ ಸೈನ್ಸಿನವರು ಯಾರು ಅಂತ ತಿಳಿದುಕೊಳ್ಳಿ, ಅವರಿಗೆ ಕೆಲವು ದಿನ ಬೇರೆ ಕೂರಿಸಿ ಪಾಠ ಮಾಡಿ.

ಹುಡುಗನ ಬಾಕಿ ಪೇಪರ್ ಮುಗಿದಿದೆ. ನಿದ್ದೆ ಪೂರ್ತಿ ಸರಿಯಾಗಿಲ್ಲ, ಎದೆ ಹಿಡಿಯುವುದು ಕಡಿಮೆಯಾಗಿದೆ. ಸಿಎ ಮಾಡಬೇಕಾ ಬೇಡವಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಅವನ ಅಪ್ಪ ಆಗಾಗ ಫೋನ್ ಮಾಡಿ ಇಂಟರ್‌ಮೀಡಿಯೆಟ್‌ಗೆ ಯಾವಾಗ ಹಾಕಬಹುದು ಅಂತ ಕೇಳುತ್ತಾರೆ. ಡಿಗ್ರಿ ರಿಸಲ್ಟ್ ಬರಲಿ, ಮತ್ತೆ ಅವನನ್ನೇ ಕೇಳಿ ಅಂತ ಹೇಳಿದ್ದೇನೆ.