ರೊಮೇನಿಯಾದಲ್ಲಿ ಬೆನ್ನಟ್ಟಿದ ಪೊಲೀಸರಿಗೆ ಆಮೇಲೆ ಏನಾಯ್ತು?

ರೊಮೇನಿಯಾದಲ್ಲಿ ಕಮ್ಯುನಿಸ್ಟರನ್ನು ಬೇಟೆಯಾಡಿದ ಪೊಲೀಸರಿಗೆ, ಅದೇ ಕಮ್ಯುನಿಸ್ಟರು ಗದ್ದುಗೆ ಹಿಡಿದ ಮೇಲೆ ಏನಾಯ್ತು ಅಂತ ಕೇಳಿದ್ದೀರಿ. ಜಾಸ್ತಿ ಜನ ಜೈಲು ಸೇರಿದರು. ಎರಡನೇ ಮಹಾಯುದ್ಧ ಕಾಲದ ಬೇಹುಗಾರಿಕೆ ಮುಖ್ಯಸ್ಥ ಎವ್ಜೆನ್ ಕ್ರಿಸ್ಟೆಸ್ಕುಗೆ 1946ರಲ್ಲಿ ಮರಣದಂಡನೆ ವಿಧಿಸಿದರು. ಅದನ್ನು ಜೀವಾವಧಿಗೆ ಇಳಿಸಿದರು. 1950ರಲ್ಲಿ ಜೈಲಿನಲ್ಲೇ ಸತ್ತ.

ಆದರೆ ನನ್ನನ್ನು ಹೆಚ್ಚು ಕಾಡುವುದು ಆ ಪೊಲೀಸರು ಬಿಟ್ಟುಹೋದ ಕಡತಗಳು. ಕಮ್ಯುನಿಸ್ಟ್ ಪಕ್ಷಕ್ಕೆ 1924ರಿಂದ ನಿಷೇಧವಿತ್ತು. ಸಿಗುರಾಂತ್ಸಾ ಎಂಬ ಗುಪ್ತ ಪೊಲೀಸ್ ಪಡೆ ಯಾರು ಎಲ್ಲಿ ಸೇರಿದರು, ಯಾರು ಏನು ಬಾಯಿಬಿಟ್ಟರು ಅಂತ ಬರೆದಿಡುತ್ತಿತ್ತು. ಅಧಿಕಾರ ಬದಲಾದಾಗ ಆ ಕಾಗದಗಳು ಹೊಸಬರ ಕೈಗೆ ಬಂದವು. ಅವುಗಳನ್ನು ಸ್ವಂತ ಸಂಗಾತಿಗಳ ಮೇಲೂ ಬಳಸಿದರು.

ಲುಕ್ರೆತ್ಸಿಯು ಪತ್ರಶ್ಕಾನು ಅವರನ್ನೇ ನೋಡಿ. ವಕೀಲರು, ಹಳೆಯ ಕಾರ್ಯಕರ್ತರು, ಯುದ್ಧದ ನಂತರ ಕಾನೂನು ಮಂತ್ರಿ. 1948ರಲ್ಲಿ ಬಂಧಿಸಿದರು. ನೀನು ಸಿಗುರಾಂತ್ಸಾದ ಏಜೆಂಟ್ ಅಂತ ಆರೋಪ ಹೊರಿಸಿದರು. 1954ರ ಏಪ್ರಿಲ್‌ನಲ್ಲಿ ಜಿಲಾವಾ ಜೈಲಿನಲ್ಲಿ ಗುಂಡಿಕ್ಕಿದರು. ಆ ಆರೋಪ ಶುದ್ಧ ಸುಳ್ಳು. 1968ರಲ್ಲಿ ಪಕ್ಷವೇ ಅವರನ್ನು ನಿರ್ದೋಷಿ ಅಂದಿತು. ಹದಿನಾಲ್ಕು ವರ್ಷ ತಡವಾಗಿ!

ಕಮ್ಯುನಿಸ್ಟ್ ನಾಯಕಿ ಆನಾ ಪೌಕರ್ ಕಥೆಯನ್ನೂ ಓದಿ. 1935ರ ಬಂಧನದಲ್ಲಿ ಪೊಲೀಸರ ಗುಂಡು ಕಾಲಿಗೆ ತಗುಲಿತ್ತು. ಮರುವರ್ಷ ಕ್ರಯೋವಾದ ವಿಚಾರಣೆಯಲ್ಲಿ ಹತ್ತು ವರ್ಷ ಶಿಕ್ಷೆ. 1947ರಲ್ಲಿ ವಿದೇಶಾಂಗ ಮಂತ್ರಿಯಾದರು. 1952ರಲ್ಲಿ ಅವರದೇ ಪಕ್ಷ ಹೊರದಬ್ಬಿತು, ಮುಂದಿನ ವರ್ಷ ಬಂಧಿಸಿತು. ಆ ಸಲ ವಿಚಾರಣೆ ಮಾಡಿದ್ದು ಅವರ ಸರ್ಕಾರವೇ ಕಟ್ಟಿದ ಹೊಸ ಗುಪ್ತ ಪೊಲೀಸ್ ಪಡೆ ಸೆಕ್ಯೂರಿಟಾಟೆ.