ಕಾಲಿ ಅನ್ನೋ ಊರಿಗೆ ಹೊರಡೋ ಮುಂಚೆ

ತಮ್ಮಾ,

ನಿನ್ನ ಪ್ರಶ್ನೆ ಓದಿದೆ. ಕೂಡಗಿಯ ಕರೆಂಟ್ ಪ್ಲಾಂಟಿನಲ್ಲಿ ಗುತ್ತಿಗೆ ಮೇಲೆ ಆರು ವರ್ಷ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಮಾಡಿದ್ದೀಯ. ಪಶ್ಚಿಮ ಆಸ್ಟ್ರೇಲಿಯಾದ ಕಾಲಿ ಅನ್ನೋ ಕಲ್ಲಿದ್ದಲಿನ ಊರಿನಲ್ಲಿ ಕೆಲಸ ಇದೆ ಅಂತ ಏಜೆಂಟ್ ಹೇಳಿದ್ದಾನೆ. ಊರು ಎಂಥದ್ದು, ಜನ ಎಷ್ಟಿದ್ದಾರೆ, ಇನ್ನೇನು ಮುಚ್ಚಿಹೋಗುತ್ತಂತೆ ನಿಜವಾ, ಹೆಂಡತಿ ಮಗಳನ್ನು ಕರೆದುಕೊಂಡು ಬರಬಹುದಾ ಅಂತ ಕೇಳಿದ್ದೀಯ.

ನಾನು ಬಾಗಲಕೋಟೆಯವನು. ಇಲ್ಲಿ ಬೆಲ್ಟ್ ಫಿಟ್ಟರ್, ಅಂದರೆ ಕಲ್ಲಿದ್ದಲು ಸಾಗಿಸುವ ಬೆಲ್ಟ್ ರಿಪೇರಿ ಮಾಡುವವನು. ಬಂದು ಹದಿಮೂರು ವರ್ಷ ಆಯಿತು. ಹೊರಡುವಾಗ ಊರಿನ ಹೆಸರು ಕೇಳಿ ನಮ್ಮವ್ವ ಅಂದಿದ್ದು ಇದು: "ಇದ್ದ ಊರು ನೀರಾಗ ಹೋತು, ಈಗ ಖಾಲಿ ಊರಿಗೆ ಹೊಂಟೀಯಲ್ಲೋ." ಖಾಲಿ ಅಲ್ಲವ್ವಾ, ಕಾಲಿ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಇವತ್ತಿಗೂ ಫೋನಿನಲ್ಲಿ "ಖಾಲ್ಯಾಗ ಮಳಿ ಆತೇನು" ಅಂತಲೇ ಕೇಳುತ್ತಾಳೆ.

ಹೆಸರು ಬಂದಿದ್ದು ಅಲೆಕ್ಸಾಂಡರ್ ಕಾಲಿ ಅನ್ನೋ ಹಡಗಿನ ಡಾಕ್ಟರ್‌ನಿಂದ. 1829ರಲ್ಲಿ ಆತ ಪ್ರೆಸ್ಟನ್ ಅನ್ನೋ ನೌಕಾಪಡೆ ಅಧಿಕಾರಿಯ ಜೊತೆ ಈ ಕಡೆ ನೋಡಲು ಬಂದಿದ್ದ. ನದಿಗೆ ಅವನ ಹೆಸರಿಟ್ಟರು, ಆಮೇಲೆ ಊರಿಗೂ ಅದೇ ಆಯಿತು. ಆದರೆ ಅದಕ್ಕಿಂತ ಸಾವಿರಾರು ವರ್ಷ ಮೊದಲಿಂದ ಇಲ್ಲಿ ನೂಂಗಾರ್ ಜನ ಇದ್ದರು, ಈಗಲೂ ಇದ್ದಾರೆ. ಮುಖದ ತುಂಬ ಕೂದಲಿರುವ ದೊಡ್ಡ ಹಾವೊಂದು ಹರಿದಾಡಿ ಈ ನದಿ ಆಯಿತು ಅಂತ ಅವರ ಕತೆ. ಕೃಷ್ಣೆಯ ದಂಡೆಯಲ್ಲಿ ಬೆಳೆದವನಿಗೆ ಹಡಗಿನ ಡಾಕ್ಟರ್‌ಗಿಂತ ಈ ಹಾವೇ ಹತ್ತಿರ ಅನ್ನಿಸುತ್ತದೆ.

ಕಲ್ಲಿದ್ದಲು ಕಣ್ಣಿಗೆ ಬಿದ್ದದ್ದು 1883ರಲ್ಲಿ. ಊರು ಅಂತ ಸರ್ಕಾರಿ ಕಾಗದಕ್ಕೆ ಏರಿದ್ದು 1897ರಲ್ಲಿ. ಮರುವರ್ಷವೇ ರೈಲು ಬಂತು. ಆ ಕಾಲಕ್ಕೆ ರೈಲು ಓಡಬೇಕಾದರೆ ಕಲ್ಲಿದ್ದಲು ಬೇಕು, ಕಲ್ಲಿದ್ದಲು ಸಾಗಬೇಕಾದರೆ ರೈಲು ಬೇಕು. ನೆಲದಡಿ ಸುರಂಗ ತೋಡಿ ಅಗೆಯುವ ಕೆಲಸ 1994ರವರೆಗೂ ನಡೆಯಿತು. ಈಗ ಇರುವುದೆಲ್ಲ ತೆರೆದ ಗಣಿ. ಇಳಕಲ್ ಕಡೆ ಗ್ರಾನೈಟ್ ಕ್ವಾರಿ ನೋಡಿದ್ದೀಯಲ್ಲ, ಅಂಥದ್ದನ್ನು ನೂರಾರು ಪಟ್ಟು ದೊಡ್ಡದು ಮಾಡಿ, ಕಲ್ಲಿನ ಬದಲು ಕಪ್ಪು ಪದರ ಇಟ್ಟುಕೋ. ಹಳೇ ಸುರಂಗ ಹೇಗಿತ್ತು ಅಂತ ತೋರಿಸಲು ವಿಸಿಟರ್ ಸೆಂಟರಿನಲ್ಲಿ ಒಂದು ಮಾದರಿ ಸುರಂಗ ಮಾಡಿದ್ದಾರೆ. ಅದರೊಳಗೆ ಹೋಗಿ ಬಾ, ತಲೆ ಬಗ್ಗಿಸಿ ನಡೆ. ಇಲ್ಲಿಯ ಮುದುಕರು ಯಾಕೆ ಹಾಗೆ ಗಟ್ಟಿ ದನಿಯಲ್ಲಿ ಮಾತಾಡುತ್ತಾರೆ ಅಂತ ಗೊತ್ತಾಗುತ್ತದೆ.

ಈಗ ಮುಖ್ಯ ವಿಷಯ. ಕೂಡಗಿಯಲ್ಲಿ ನೀನು ನೋಡಿದ ಕಲ್ಲಿದ್ದಲೇ ಬೇರೆ, ಇದೇ ಬೇರೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ನೂರಕ್ಕೆ ಮೂವತ್ತು ನಲವತ್ತು ಪಾಲು ಬೂದಿಯೇ. ಆ ಬೂದಿಯ ಕಾಟ ನಿನಗೆ ನಾನು ಹೇಳಬೇಕಿಲ್ಲ. ಇಲ್ಲಿಯದರಲ್ಲಿ ಬೂದಿ ಕಡಿಮೆ, ಗಂಧಕ ಕಡಿಮೆ, ತೇವ ಮಾತ್ರ ಜಾಸ್ತಿ. ಕೈಯಲ್ಲಿ ಹಿಡಿದರೆ ಹೊಳಪಿಲ್ಲ. ಗಾಳಿಗೆ ಬಿಟ್ಟರೆ ಬಿರಿದು ಪುಡಿಯಾಗುತ್ತದೆ. ರಾಶಿ ಹಾಕಿ ಹಾಗೇ ಬಿಟ್ಟರೆ ಒಳಗೊಳಗೇ ಕಾದು ಹೊಗೆಯಾಡುತ್ತದೆ. ಮೇವು ಸರಿಯಾಗಿ ಒಣಗಿಸದೆ ಬಣವೆ ಒಟ್ಟಿದರೆ, ಒಳಗೆ ಕೈ ಹಾಕಿದಾಗ ಬಿಸಿ ತಾಗುತ್ತದಲ್ಲ, ಥೇಟ್ ಹಾಗೆ. ನಾನು ಬಂದ ಮೊದಲ ಬೇಸಿಗೆಯಲ್ಲಿ ರಾಶಿಯ ಮೂಲೆಯಿಂದ ತೆಳ್ಳಗೆ ಹೊಗೆ ಏಳುವುದು ನೋಡಿ ಓಡಿ ಹೋಗಿ ಸೂಪರ್‌ವೈಸರ್‌ಗೆ ಹೇಳಿದೆ. ಅವನು ಚಹಾ ಲೋಟ ಕೂಡ ಕೆಳಗಿಡಲಿಲ್ಲ. "ಹೌದು, ಅದು ಹಾಗೇ," ಅಂದ. ಆಮೇಲೆ ಲೋಡರ್ ಬಂದು ರಾಶಿ ಒಡೆದು, ಹರಡಿ, ಮತ್ತೆ ಒತ್ತಿತು.

ಇದನ್ನು ಯಾಕೆ ಇಷ್ಟು ಉದ್ದ ಹೇಳಿದೆ ಅಂದರೆ, ಈ ಊರಿನ ಹಣೆಬರಹ ಈ ಗುಣದಲ್ಲೇ ಇದೆ. ಪುಡಿಯಾಗುವ, ತಾನಾಗಿ ಕಾಯುವ ಮಾಲನ್ನು ಹಡಗಿಗೆ ತುಂಬಿ ದೂರ ಕಳಿಸುವುದು ಕಷ್ಟ. ಅಗೆದಲ್ಲೇ ಸುಡಬೇಕು. ಅದಕ್ಕೇ ಗಣಿಯ ಪಕ್ಕದಲ್ಲೇ ವಿದ್ಯುತ್ ಸ್ಥಾವರ ಕಟ್ಟಿದರು. 1966ರಲ್ಲಿ ಮುಜಾ, ಆಮೇಲೆ ಕಾಲಿ ಪವರ್ ಸ್ಟೇಷನ್, 2009ರಲ್ಲಿ ಖಾಸಗಿಯ ಬ್ಲೂವಾಟರ್ಸ್. ಅಲ್ಲಿಂದ ತಂತಿಯಲ್ಲಿ ರಾಜ್ಯದ ರಾಜಧಾನಿ ಪರ್ತ್‌ಗೆ ಕರೆಂಟ್. ಕಲ್ಲಿದ್ದಲು ಊರು ಬಿಟ್ಟು ಹೋಗುವುದೇ ಇಲ್ಲ ಅನ್ನು. 2011ರಲ್ಲಿ ಹೈದರಾಬಾದಿನ ಲ್ಯಾಂಕೋ ಕಂಪನಿ ಇಲ್ಲಿಯ ಗ್ರಿಫಿನ್ ಗಣಿ ಕೊಂಡಿತು. ಬನ್‌ಬರಿ ಬಂದರಿನಿಂದ ಭಾರತಕ್ಕೆ ಸಾಗಿಸುವುದು ಅವರ ಲೆಕ್ಕ ಆಗಿತ್ತು. ಆ ಲೆಕ್ಕ ಕೂಡಲಿಲ್ಲ. ಇನ್ನೊಂದು ದೊಡ್ಡ ಗಣಿ ಪ್ರೀಮಿಯರ್, ಅದು ಯಾನ್‌ಕೋಲ್ ಅನ್ನೋ ಕಂಪನಿಯ ಕೈಯಲ್ಲಿದೆ.

ಸುಡುವ ಒಲೆ ಪಕ್ಕದಲ್ಲೇ ಇದ್ದಷ್ಟು ದಿನ ಇದೆಲ್ಲ ಸರಿ. 2022ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಹೇಳಿತು: ನಮ್ಮ ಕೈಯಲ್ಲಿರುವ ಕಲ್ಲಿದ್ದಲು ಸ್ಥಾವರಗಳನ್ನು 2030ರೊಳಗೆ ನಿಲ್ಲಿಸುತ್ತೇವೆ. ಆ ದಿನ ನಾನು ಕ್ರಿಬ್ ರೂಮಿನಲ್ಲಿದ್ದೆ. ಕ್ರಿಬ್ ಅಂದರೆ ಇಲ್ಲಿ ಶಿಫ್ಟಿನ ನಡುವಿನ ಊಟ. ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು, ಎಲ್ಲರೂ ಒಟ್ಟಿಗೆ ಫೋನ್ ನೋಡತೊಡಗಿದರು. ನನ್ನೆದುರಿಗೆ ಕೂತಿದ್ದವನ ಅಪ್ಪ, ಅಜ್ಜ ಇಬ್ಬರೂ ಸುರಂಗದಲ್ಲಿ ದುಡಿದವರು. ಅವನು ಸ್ಯಾಂಡ್‌ವಿಚ್ಚನ್ನು ಅರ್ಧಕ್ಕೆ ಬಿಟ್ಟು ಅದರ ಕಾಗದವನ್ನು ಮಡಚುತ್ತಲೇ ಕೂತ. ಚೌಕ, ಮತ್ತೆ ಚೌಕ. ಆಮೇಲೆ ನನ್ನ ಕಡೆ ನೋಡಿ, "ನಿನಗೇನು, ನೀನು ಊರಿಗೆ ಹೋಗಬಹುದು," ಅಂದ. ಸಿಟ್ಟಿನಿಂದ ಅಲ್ಲ, ಸುಮ್ನೆ ಅಂದ.

ಯಾವ ಊರಿಗೆ ಅಂತ ಅವನಿಗೆ ಹೇಗೆ ಹೇಳಲಿ? ನನ್ನ ಊರು ಮುಳುಗಡೆ ಊರು. ಆಲಮಟ್ಟಿ ಹಿನ್ನೀರು ಬರುತ್ತದೆ ಅಂತ ಸರ್ವೆಯವರು ನಮ್ಮ ಮನೆ ಗೋಡೆಗೆ ಕೆಂಪು ಬಣ್ಣದಲ್ಲಿ ನಂಬರ್ ಬರೆದಾಗ ನಾನು ಶಾಲೆಗೆ ಹೋಗುತ್ತಿದ್ದೆ. ನೀನೂ ಆ ಕಡೆಯವನೇ, ನಿನಗೂ ಗೊತ್ತು. ನಮ್ಮಲ್ಲಿ ಮಗ್ಗಿ ಬಾರದ ಹುಡುಗರಿಗೂ ಅಣೆಕಟ್ಟಿನ ನೀರಿನ ಮಟ್ಟ, 519.6 ಮೀಟರ್, 524.256 ಮೀಟರ್, ಬಾಯಿಪಾಠ. ಅಂಗಡಿ, ಓಣಿ, ಗುಡಿ ಬಿಟ್ಟು ನವನಗರದ ಸೆಕ್ಟರ್ ನಂಬರಿಗೆ ಬಂದೆವು. ರಸ್ತೆ ಅಗಲ, ಗಾಳಿ ಬೆಳಕು ಚೆನ್ನಾಗಿದೆ, ತಕರಾರಿಲ್ಲ. ಆದರೆ ನಮ್ಮಪ್ಪನ ಅಂಗಡಿಗೆ ಬರುತ್ತಿದ್ದ ಗಿರಾಕಿಗಳು ಮೂರು ದಿಕ್ಕಿಗೆ ಹಂಚಿಹೋದರು. ಅಂಗಡಿ ಮತ್ತೆ ಏಳಲಿಲ್ಲ.

ಹಾಗಾಗಿ "ತಾರೀಖು ಹಾಕಿದ ಊರು" ಹೇಗಿರುತ್ತದೆ ಅಂತ ನನಗೆ ಸ್ವಲ್ಪ ಗೊತ್ತು. ಎರಡರ ನಡುವೆ ವ್ಯತ್ಯಾಸವೂ ಇದೆ. ಇಲ್ಲಿ ಎಂಟು ವರ್ಷ ಮೊದಲೇ ಹೇಳಿದರು. ಅರ್ಧ ಬಿಲಿಯನ್‌ಗಿಂತ ಜಾಸ್ತಿ ಡಾಲರ್ ಈ ಒಂದು ಊರಿಗೆ ಅಂತ ಇಟ್ಟರು. ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಏನು ಕಲಿಯುತ್ತೀರಿ ಅಂತ ಕೇಳಿದರು. ಎಲ್ಲ ಸರಿಯಾಗುತ್ತೆ ಅಂತ ನಾನು ಹೇಳಲ್ಲ. ಐವತ್ತೈದು ದಾಟಿದ ಡ್ರೈವರ್ ಹೋಗಿ ಏನು ಕಲಿಯಬೇಕು ಹೇಳು. ಮುಜಾದ ಒಂದು ಯೂನಿಟ್ 2022ರಲ್ಲಿ ನಿಂತಿತು, ಇನ್ನೊಂದು 2025ರಲ್ಲಿ. ಉಳಿದವು ಸರದಿಯಲ್ಲಿವೆ. ನಡುವೆ ಒಂದು ತಮಾಷೆಯೂ ಆಯಿತು. ಒಂದು ಹಂತದಲ್ಲಿ ಗಣಿಗಳಿಂದ ಸಾಕಷ್ಟು ಮಾಲು ಬರದೆ, ದೇಶದ ಆ ತುದಿಯ ನ್ಯೂ ಸೌತ್ ವೇಲ್ಸ್‌ನಿಂದ ಹಡಗಿನಲ್ಲಿ ಕಲ್ಲಿದ್ದಲು ತರಿಸಿದರು. ಜೋಳದ ಕಣದಲ್ಲಿ ಕೂತು ಅಂಗಡಿಯಿಂದ ಜೋಳ ತಂದಂಗೆ.

ಜನಸಂಖ್ಯೆ ಕೇಳಿದ್ದೀಯ. ಊರಲ್ಲಿ ಏಳೂವರೆ ಸಾವಿರದ ಆಸುಪಾಸು, ಸುತ್ತಲಿನ ಹೊಲ ಕಾಡು ಎಲ್ಲ ಸೇರಿದ ಶೈರ್‌ನಲ್ಲಿ ಒಂಬತ್ತು ಸಾವಿರದ ಹತ್ತಿರ. ನಮ್ಮ ಕಡೆ ಲೆಕ್ಕದಲ್ಲಿ ಒಂದು ದೊಡ್ಡ ಹಳ್ಳಿ. ಆದರೆ ಹಳ್ಳಿ ಅಂದುಕೊಂಡು ಬಂದರೆ ಮೋಸ ಹೋಗುತ್ತೀಯ. ಆಸ್ಪತ್ರೆ, ಹೈಸ್ಕೂಲು, ಈಜುಕೊಳ, ದೊಡ್ಡ ಸೂಪರ್ ಮಾರ್ಕೆಟ್ ಎಲ್ಲ ಇದೆ. ಇಲ್ಲದಿರುವುದು ಜನ. ಸಂಜೆ ಐದೂವರೆಗೆ ಮುಖ್ಯ ರಸ್ತೆಯಲ್ಲಿ ಒಂದು ನರಪಿಳ್ಳೆ ಕಾಣುವುದಿಲ್ಲ. ಮೊದಲ ತಿಂಗಳು ನನ್ನ ಹೆಂಡತಿ ಅಡುಗೆಮನೆ ಕಿಟಕಿಯಿಂದ ನೋಡಿ, "ಇವತ್ತು ಯಾರರ ತೀರಿಕೊಂಡಾರೇನ್ರಿ?" ಅಂತ ಕೇಳಿದ್ದಳು. ಅಂಗಳಕ್ಕೆ ಕಾಂಗರೂ ಬಂದು ಹುಲ್ಲು ಮೇಯುತ್ತವೆ, ಮನುಷ್ಯರು ಬರುವುದಿಲ್ಲ. ಬರಬೇಕಾದರೆ ನೀನೇ ಹೋಗಿ ಬಾಗಿಲು ತಟ್ಟಬೇಕು. ತಟ್ಟಿದರೆ ಒಳಗೆ ಕರೆಯುತ್ತಾರೆ, ಅದೂ ನಿಜ.

ಏಜೆಂಟ್ "ಪರ್ತ್ ಪಕ್ಕದಲ್ಲೇ" ಅಂದನಾ? ನನ್ನ ಏಜೆಂಟೂ ಹಾಗೇ ಅಂದಿದ್ದ. ಸುಮಾರು 200 ಕಿಲೋಮೀಟರ್. ಕಾರಿಲ್ಲದೆ ಇಲ್ಲಿ ಕೈಕಾಲು ಕಟ್ಟಿದಂತೆ, ಹಾಗಾಗಿ ನಿನ್ನ ಮನೆಯವರಿಗೂ ಅಲ್ಲೇ ಡ್ರೈವಿಂಗ್ ಕಲಿಸು. ಕನ್ನಡದವರು ಬೇಕಾದರೆ ಪರ್ತ್‌ಗೆ ಹೋಗಬೇಕು, ಜೋಳದ ಹಿಟ್ಟಿಗೂ ಅಲ್ಲಿಗೇ. ನಾನು ತಿಂಗಳಿಗೊಮ್ಮೆ ಹತ್ತು ಕಿಲೋ ತರುತ್ತೇನೆ. ಹಿಟ್ಟು ಹಳೇದಾಗಿರುತ್ತದೆ, ಜಿಗಿ ಇರಲ್ಲ. ಕುದಿನೀರಲ್ಲಿ ಚೆನ್ನಾಗಿ ನಾದಬೇಕು. ಅದಕ್ಕಿಂತ ಊರಿಂದ ಕಟಿ ರೊಟ್ಟಿ ಕಟ್ಟಿಸಿಕೊಂಡು ಬರುವುದೇ ವಾಸಿ. ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಏನೇ ತಂದರೂ ವಿಮಾನದ ಕಾರ್ಡಿನಲ್ಲಿ ಬರೆದುಬಿಡು. ಬರೆಯದೆ ಸಿಕ್ಕಿಬಿದ್ದರೆ ದಂಡ ಹಾಕುತ್ತಾರೆ.

ಈಗ ಕೆಲಸ. ಗೋಡೆಯ ಸಾಕೆಟ್ ಬದಲಿಸಲೂ ಇಲ್ಲಿ ಲೈಸೆನ್ಸ್ ಬೇಕು. ನಿನ್ನ ಐಟಿಐ ಸರ್ಟಿಫಿಕೇಟ್, ಅನುಭವದ ಪತ್ರ ನೋಡಿ ಮೊದಲು ಕೌಶಲ ಪರೀಕ್ಷೆ ಮಾಡುತ್ತಾರೆ. ಪಾಸಾದರೆ ಓಟಿಎಸ್‌ಆರ್ ಅಂತ ಒಂದು ಪತ್ರ ಕೊಡುತ್ತಾರೆ. ಅದರ ಮೇಲೆ ತಾತ್ಕಾಲಿಕ ಲೈಸೆನ್ಸ್ ಸಿಗುತ್ತದೆ. ಇನ್ನೊಬ್ಬರ ಮೇಲ್ವಿಚಾರಣೆಯಲ್ಲಿ ದುಡಿಯುತ್ತ ಇಲ್ಲಿಯ ನಿಯಮಗಳ ಕೋರ್ಸ್ ಮುಗಿಸಬೇಕು, ಆಮೇಲೆ ಪೂರ್ತಿ ಲೈಸೆನ್ಸ್. ಅಲ್ಲಿವರೆಗೆ ಏಜೆಂಟ್ ಹೇಳಿದ ಸಂಬಳ ಕೈಗೆ ಬರಲ್ಲ. ಆ ತಿಂಗಳುಗಳಿಗೆ ಬೇಕಾದ ದುಡ್ಡು ಕೈಯಲ್ಲಿ ಇಟ್ಟುಕೊಂಡೇ ಹೊರಡು. ಗುತ್ತಿಗೆ ಕೆಲಸದವರ ಅನುಭವದ ಪತ್ರವೇ ದೊಡ್ಡ ತಲೆನೋವು. ಗುತ್ತಿಗೆದಾರ ಬದಲಾಗುವ ಮುಂಚೆ ಒಬ್ಬೊಬ್ಬರಿಂದಲೂ ಲೆಟರ್‌ಹೆಡ್ಡಿನಲ್ಲಿ ಬರೆಸಿಕೋ, ಯಾವ ಕೆಲಸ, ಎಷ್ಟು ದಿನ ಅಂತ ಬಿಡಿಸಿ. ನನಗೆ ಒಂದೂವರೆ ವರ್ಷದ ಅನುಭವ ಹೀಗೇ ಲೆಕ್ಕಕ್ಕೆ ಬರದೆ ಹೋಯಿತು.

ಊರು ಮುಚ್ಚುತ್ತಾ? ನನಗನ್ನಿಸುವ ಮಟ್ಟಿಗೆ ಇಲ್ಲ. ಕಲ್ಲಿದ್ದಲಿನ ಕೆಲಸ ಹೋಗುತ್ತದೆ, ಊರು ಇರುತ್ತದೆ. ಸ್ಥಾವರಗಳಿಂದ ಪರ್ತ್‌ಗೆ ಹೋಗುವ ದೊಡ್ಡ ತಂತಿಗಳು ಇಲ್ಲೇ ಇವೆಯಲ್ಲ, ಅದಕ್ಕೇ ದೊಡ್ಡ ಬ್ಯಾಟರಿಗಳನ್ನು ಇಲ್ಲಿಗೇ ತಂದರು. ಸರ್ಕಾರದ್ದು ಒಂದೇ 500 ಮೆಗಾವ್ಯಾಟ್, ಅಷ್ಟನ್ನು ನಾಲ್ಕು ಗಂಟೆ ಕೊಡುತ್ತದೆ. ನೀಯೋಎನ್ ಕಂಪನಿಯದು ಅದಕ್ಕಿಂತ ಸ್ವಲ್ಪ ದೊಡ್ಡದು. ಕೂಡಗಿಯ ಒಂದು ಯೂನಿಟ್ 800 ಅಲ್ವಾ, ಹೋಲಿಸಿ ನೋಡು. ಕಟ್ಟುವಾಗ ನೂರಾರು ಜನ ಬಂದು ಬಾಡಿಗೆ ಮನೆ ಸಿಗದಂತಾಯಿತು. ಆದರೆ ಕಟ್ಟಿದ ಮೇಲೆ ಬ್ಯಾಟರಿ ನೋಡಿಕೊಳ್ಳಲು ಬೇಕಾದವರು ಬೆರಳೆಣಿಕೆ. ಇದನ್ನು ಯಾವ ಏಜೆಂಟೂ ಹೇಳಲ್ಲ. ಹತ್ತಿರದಲ್ಲಿ ವರ್ಸ್‌ಲಿ ಅಲ್ಯೂಮಿನಾ ಕಾರ್ಖಾನೆ ಇದೆ, 1984ರಿಂದ ನಡೆಯುತ್ತಿದೆ. ಊರಿನ ಎಷ್ಟೋ ಮನೆಗಳ ಒಲೆ ಉರಿಯುವುದು ಅದರಿಂದಲೇ. ನಿನ್ನಂಥ ಎಲೆಕ್ಟ್ರಿಷಿಯನ್‌ಗೆ ನಾನು ಕಣ್ಣಿಡು ಅನ್ನುವುದು ಅಲ್ಲಿಗೆ, ಗಣಿಗಲ್ಲ.

ಮಗಳ ಬಗ್ಗೆ ಹೆದರಬೇಡ. ಮಕ್ಕಳು ಬೇಗ ಹೊಂದಿಕೊಳ್ಳುತ್ತವೆ, ಕನ್ನಡ ಮರೆಯುವುದೂ ಅಷ್ಟೇ ಬೇಗ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಾಡಬೇಡಿ. ಇಲ್ಲಿ ಗಂಟೆ ನಮ್ಮೂರಿಗಿಂತ ಎರಡೂವರೆ ತಾಸು ಮುಂದೆ, ಹಾಗಾಗಿ ಶಾಲೆ ಬಿಟ್ಟ ಮೇಲೆ ಅಜ್ಜಿಗೆ ಫೋನ್ ಮಾಡಿದರೆ ಅವರಿಗೆ ಮಧ್ಯಾಹ್ನದ ಊಟ ಆಗಿರುತ್ತದೆ, ಒಳ್ಳೇ ಹೊತ್ತು.

ಒಂದು ಜಾಗ ತೋರಿಸುತ್ತೇನೆ ನೀನು ಬಂದಾಗ. ಕೆಪ್ವಾರಿ ಕೆರೆ. ಅದೂ ಒಂದು ತೆರೆದ ಗಣಿಯೇ ಆಗಿತ್ತು. ಕಲ್ಲಿದ್ದಲು ಮುಗಿದ ಮೇಲೆ ನೀರು ತುಂಬಿಸಿ, 2020ರ ಕೊನೆಗೆ ಜನರಿಗೆ ಬಿಟ್ಟುಕೊಟ್ಟರು. ಭಾನುವಾರ ದೋಣಿ ತಂದು ಆಡುತ್ತಾರೆ, ಮಕ್ಕಳು ಈಜುತ್ತವೆ. ಹೋದ ವರ್ಷ ಅವ್ವ ಬಂದಿದ್ದಳು, ಕರೆದುಕೊಂಡು ಹೋಗಿದ್ದೆ. ದಂಡೆಯಲ್ಲಿ ಸೀರೆ ನೆರಿಗೆ ಎತ್ತಿ ಹಿಡಿದು ನಿಂತಳು. ನೀರನ್ನೇ ನೋಡುತ್ತ, "ಇದರ ತಳದಾಗ ಯಾರ ಮನಿ ಅದಾವು?" ಅಂದಳು. ಮನೆ ಇಲ್ಲವ್ವಾ, ಬರೀ ತೆಗ್ಗಿತ್ತು ಅಂದೆ. ನಂಬಿದಳೋ ಇಲ್ಲವೋ, ಚೀಲದಿಂದ ಅರಿಷಿಣ ಕುಂಕುಮದ ಪೊಟ್ಟಣ ತೆಗೆದು ನೀರಿಗೆ ಹಾಕಿದಳು. ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದವನು ನನ್ನ ಮುಖ ನೋಡಿದ.

ಆಫರ್ ಲೆಟರ್ ಬಂದ ಮೇಲೆ ಅದರಲ್ಲಿ ಕೆಲಸದ ಸೈಟ್ ಅಂತ ಏನು ಬರೆದಿದ್ದಾರೆ ನೋಡಿ ತಿಳಿಸು. ಗಣಿ ಅಂತಿದ್ದರೆ ಸಹಿ ಮಾಡುವ ಮುಂಚೆ ನನಗೊಂದು ಫೋನ್ ಮಾಡು.