ಭಾನುವಾರ ನಮ್ಮ ಮನೆಗೆ ಬನ್ನಿ, ಆಟ ನೋಡೋಣ

ಅಮೆರಿಕದ ಶಾರ್ಲಟ್‌ಗೆ ಬಂದು ಎರಡು ತಿಂಗಳಾಯಿತು, ಸೋಮವಾರ ಆಫೀಸಿನಲ್ಲಿ ಎಲ್ಲರೂ ಫುಟ್‌ಬಾಲ್ ಆಟಗಾರ ಬ್ರೈಸ್ ಯಂಗ್ ಬಗ್ಗೆನೇ ಮಾತಾಡ್ತಾರೆ, ನಾನು ಸುಮ್ನೆ ನಗ್ತಾ ನಿಂತಿರ್ತೀನಿ, ಇಲ್ಲಿಯವರ ಸ್ನೇಹ ಆಗೋದು ಹೇಗೆ ಅಂತ ಕೇಳಿದ್ದೀರಿ.

ಮೊದಲ ಮೂರು ವರ್ಷ ನಾನೂ ಹಾಗೇ ಇದ್ದೆ. ಶನಿವಾರ ದೇವಸ್ಥಾನ, ಕನ್ನಡದವರ ಮನೆಯಲ್ಲಿ ಊಟ, ಉಳಿದ ಹೊತ್ತು ಕ್ರಿಕೆಟ್. ಆಮೇಲೆ ಪಕ್ಕದ ಮನೆಯ ತಾತ ಒಂದು ಭಾನುವಾರ ಕರೆದು, ಟಿವಿ ಮುಂದೆ ಕೂರಿಸಿ ಈ ಅಮೆರಿಕನ್ ಫುಟ್‌ಬಾಲ್ ಹೇಳಿಕೊಟ್ಟರು. ಅವತ್ತಿನಿಂದ ಈ ಬೀದಿ ನನ್ನದಾಯಿತು. ಅದಕ್ಕೇ ಹೇಳುತ್ತಿದ್ದೇನೆ, ನೀವು ಈ ಹುಡುಗ ಬ್ರೈಸ್‌ನಿಂದಲೇ ಶುರು ಮಾಡಿ.

ಬ್ರೈಸ್ ನಮ್ಮ ಪ್ಯಾಂಥರ್ಸ್ ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು. ಚೆಂಡು ಕೈಗೆ ಬಂದ ಮೇಲೆ ಯಾರಿಗೆ ಎಸೆಯಬೇಕು ಅಂತ ಎರಡು ಮೂರು ಸೆಕೆಂಡಿನಲ್ಲಿ ತೀರ್ಮಾನ ಮಾಡಬೇಕು. ಅಷ್ಟರಲ್ಲಿ ನೂರಿಪ್ಪತ್ತು, ನೂರಮೂವತ್ತು ಕೆ.ಜಿ. ತೂಕದವರು ಮೈಮೇಲೆ ಬೀಳಲು ನುಗ್ಗುತ್ತಿರುತ್ತಾರೆ. ಇವನ ಎತ್ತರ ಬರೀ 5 ಅಡಿ 10 ಅಂಗುಲ. 2023ರ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಮೊದಲು ಕರೆದ ಹೆಸರೇ ಇವನದು. ಆ ಮೊದಲ ಸರದಿ ಸಿಗಲಿ ಅಂತ ನಮ್ಮವರು ಡಿಜೆ ಮೂರ್‌ನಂಥ ಆಟಗಾರನನ್ನೇ ಶಿಕಾಗೋ ತಂಡಕ್ಕೆ ಬಿಟ್ಟುಕೊಟ್ಟರು. ಆ ವರ್ಷ ತಂಡ 17 ಆಟದಲ್ಲಿ ಗೆದ್ದಿದ್ದು 2. ಎದುರಾಳಿಗಳು ಇವನನ್ನು 62 ಸಲ ಸ್ಯಾಕ್ ಮಾಡಿದರು, ಅಂದರೆ ಚೆಂಡು ಎಸೆಯುವ ಮೊದಲೇ ನೆಲಕ್ಕೆ ಕೆಡವಿದರು. ನಡುವೆ ಕೋಚನ್ನೂ ಕೆಲಸದಿಂದ ತೆಗೆದರು. ಡ್ರಾಫ್ಟ್‌ನಲ್ಲಿ ಎರಡನೆಯವನಾಗಿ ಆಯ್ಕೆಯಾದ ಕ್ವಾರ್ಟರ್‌ಬ್ಯಾಕ್ ಸ್ಟ್ರೌಡ್ ಹ್ಯೂಸ್ಟನ್ ತಂಡದಲ್ಲಿ ಮಿಂಚಿದ. ಆ ಹೋಲಿಕೆ ನನಗೆ ಹಿಡಿಸುವುದಿಲ್ಲ. ಮುಂದೆ ನಿಂತು ಕಾಯುವವರೇ ಇಲ್ಲದಿದ್ದರೆ ಯಾರು ತಾನೇ ಆಡಿಯಾರು?

ಈ ವರ್ಷ, 2024ರಲ್ಲಿ, ಮೊದಲಿಗೆ ಎರಡೇ ಆಟ ಆಡಿಸಿದರು. ಸೇಂಟ್ಸ್ ತಂಡದ ಎದುರು 47-10, ಚಾರ್ಜರ್ಸ್ ಎದುರು 26-3, ಎರಡೂ ಸೋಲು. ಇವನನ್ನು ಬೆಂಚಿಗೆ ಕಳಿಸಿ ತಂಡದ ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್ ಆಂಡಿ ಡಾಲ್ಟನ್‌ನನ್ನು ಇಳಿಸಿದರು. ಅವತ್ತು ನನಗೆ ನಿಜವಾಗಿ ಸಂಕಟವಾಯಿತು. 23 ವರ್ಷದ ಹುಡುಗ, ಅಲ್ವಾ? ಒಂದು ಕೆಟ್ಟ ಮಾತಾಡದೆ ಬದಿಯಲ್ಲಿ ನಿಂತ.

ಹೋದ ವಾರ ಕಾರ್ ಅಪಘಾತದಲ್ಲಿ ಡಾಲ್ಟನ್ ಹೆಬ್ಬೆರಳಿಗೆ ಪೆಟ್ಟಾಯಿತು, ಬ್ರೈಸ್ ಮತ್ತೆ ಬಂದ. ಡೆನ್ವರ್‌ನಲ್ಲಿ 28-14ರಿಂದ ಸೋತೆವು. ಅವನು ಎಸೆದ ಎರಡು ಚೆಂಡು ಎದುರಾಳಿಗಳ ಪಾಲಾದವು, ನಿಜ. ಆದರೆ ನಮ್ಮ ಎರಡು ಟಚ್‌ಡೌನೂ, ಅಂದರೆ ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸಿದ್ದೂ, ಅವನ ಕೈಯಿಂದಲೇ ಬಂದವು, ಕಾಲು ನಡುಗಲಿಲ್ಲ. 8ರಲ್ಲಿ 7 ಸೋತಿದ್ದೇವೆ. ಆದರೂ ಇವನು ಎದ್ದು ನಿಲ್ಲುತ್ತಾನೆ ಅಂತಲೇ ನನ್ನ ಮನಸ್ಸು ಹೇಳುತ್ತಿದೆ.

ಈ ಭಾನುವಾರ, ನವೆಂಬರ್ 3, ಅದೇ ಸೇಂಟ್ಸ್ ನಮ್ಮ ಊರಿಗೇ ಬರುತ್ತಿದೆ. ಮಧ್ಯಾಹ್ನ 1ಕ್ಕೆ ಆಟ. ಸ್ವಲ್ಪ ಮುಂಚೆಯೇ ಬನ್ನಿ, ಬಿಸಿಬೇಳೆಬಾತ್ ಮಾಡಿರುತ್ತೇವೆ, ತಾತನೂ ಬರುತ್ತಾರೆ. ಅವತ್ತು ಬೆಳಗಿನ ಜಾವ ಇಲ್ಲಿನ ಗಡಿಯಾರ ಒಂದು ಗಂಟೆ ಹಿಂದೆ ಹೋಗುತ್ತದೆ. ಆಟ ಶುರುವಾಗುವಾಗ ಭಾರತದಲ್ಲಿ ರಾತ್ರಿ 11:30 ಆಗಿರುತ್ತದೆ, ಅಮ್ಮನಿಗೆ ಫೋನ್ ಬೆಳಿಗ್ಗೆಯೇ ಮಾಡಿಬಿಡಿ.